ಆಶೀರ್ವಾದದ ಹೊಣೆ: ಅಬ್ರಹಾಮನ ಬಾಳನ್ನು ಕುರಿತು

ಧರ್ಮಜೀವನವನ್ನು ಕುರಿತು ಮನಸ್ಸಿಟ್ಟು ಆಲೋಚಿಸುವವರೆಲ್ಲರ ಮುಂದೆ ಎಂದಾದರೊಂದು ದಿನ ಬಂದು ನಿಲ್ಲುವ ಪ್ರಶ್ನೆಯೊಂದುಂಟು. ದೇವರಲ್ಲಿ ನಂಬಿಕೆಯನ್ನಿಟ್ಟವನು, ಆ ನಂಬಿಕೆಯಿಂದ ತನ್ನ ಅಂತರಂಗಕ್ಕೆ ದೊರೆತ ಶಾಂತಿಯನ್ನೂ ಧೈರ್ಯವನ್ನೂ ತನ್ನ ಸ್ವಂತ ಸೊತ್ತೆಂದು ಭಾವಿಸಿ ಬಾಳಬಹುದೆ, ಅಥವಾ ಆ ನಂಬಿಕೆಯೊಳಗೇ ಅವನನ್ನು ಪರರ ಕಡೆಗೆ ನಡೆಸುವ ಪ್ರೇರಣೆಯೊಂದು ಹುದುಗಿರುವುದೆ? ಮೊದಲನೆಯ ಮಾತನ್ನು ಮಾತ್ರ ಹಿಡಿದವರ ಭಕ್ತಿಯು ಕ್ರಮೇಣ ತನ್ನ ಆತ್ಮದ ಕ್ಷೇಮವೊಂದನ್ನೇ ಲೆಕ್ಕಿಸುವ ಸ್ವಾರ್ಥವಾಗಿ ಪರಿಣಮಿಸುತ್ತದೆ. ಎರಡನೆಯದನ್ನು ಮಾತ್ರ ಹಿಡಿದವರ ಉತ್ಸಾಹವು, ಒಳಗೆ ಬೇರಿಲ್ಲದ ಕಾರಣ, ಅನುಯಾಯಿಗಳ ಸಂಖ್ಯೆಯನ್ನು ಎಣಿಸುವ ವ್ಯವಹಾರವಾಗಿಬಿಡುತ್ತದೆ. ನಂಬಿಕೆ ಮತ್ತು ಸೇವೆ, ಕರೆ ಮತ್ತು ಕಳುಹಿಸುವಿಕೆ, ಇವೆರಡೂ ಬೇರೆಬೇರೆಯಾದ ಕಾರ್ಯಗಳಲ್ಲವೆಂಬುದನ್ನು ಉಪದೇಶದಿಂದಲ್ಲದೆ ಒಬ್ಬ ಮನುಷ್ಯನ ಇಡೀ ಬಾಳಿನಿಂದಲೇ ತೋರಿಸಿಕೊಡುವ ಕಥೆಯೊಂದು ಸತ್ಯವೇದದ ಆದಿಕಾಂಡದಲ್ಲಿದೆ. ಅದು ಅಬ್ರಹಾಮನ ಕಥೆ. ಯೆಹೂದ್ಯರು ಮೂಲಪಿತೃವೆಂದೂ, ಕ್ರೈಸ್ತರು ವಿಶ್ವಾಸಿಗಳ ತಂದೆಯೆಂದೂ, ಮುಸಲ್ಮಾನರು ದೇವರ ಆಪ್ತಮಿತ್ರನಾದ ಇಬ್ರಾಹೀಮರೆಂದೂ ಗೌರವಿಸುವ ಈ ಪುರುಷನ ಚರಿತ್ರೆಯನ್ನು ನಾವು ಬಾಲ್ಯದಿಂದ ಕೇಳುತ್ತ ಬಂದಿದ್ದರೂ, ಅದರ ಪೂರ್ಣಾರ್ಥವನ್ನು ಬಾಳಿಗೆ ತಂದುಕೊಂಡವರು ವಿರಳ.

ಆತನ ಕಾಲವಾವುದೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಮತವಿಲ್ಲ. ಆದರೆ ಆತನು ಹೊರಟ ನೆಲದ ಗುರುತು ಕಥೆಯಲ್ಲಿ ಸ್ಪಷ್ಟವಾಗಿದೆ. ಕಲ್ದೀಯರ ಊರ್ ಎಂದು ಆದಿಕಾಂಡವು ಹೆಸರಿಸುವ ಪಟ್ಟಣವು ಈಗಿನ ಇರಾಕಿನ ದಕ್ಷಿಣದಲ್ಲಿ ಯೂಫ್ರೆಟಿಸ್ ನದಿಯ ಬಳಿ ಇದ್ದ ಪ್ರಾಚೀನ ಊರ್ ನಗರವೆಂದು ಬಹುಮಂದಿ ತಿಳಿಯುತ್ತಾರೆ. ಲಿಯೊನಾರ್ಡ್ ವೂಲಿ ಎಂಬ ಪುರಾತತ್ತ್ವಜ್ಞರು 1922ರಿಂದ 1934ರವರೆಗೆ ಅಲ್ಲಿ ನಡೆಸಿದ ಉತ್ಖನನವು, ಆ ನಗರದ ಸಂಪತ್ತು, ಶಿಲ್ಪ, ಲೆಕ್ಕಪತ್ರಗಳ ವ್ಯವಸ್ಥೆ ಎಷ್ಟು ಮುಂದುವರಿದಿತ್ತೆಂಬುದನ್ನು ಲೋಕಕ್ಕೆ ತೋರಿಸಿತು. ಊರ್‌ನಮ್ಮು ಎಂಬ ಅರಸನು ಕ್ರಿ.ಪೂ. 21ನೆಯ ಶತಮಾನದ ಸುಮಾರಿಗೆ ಚಂದ್ರದೇವತೆಗಾಗಿ ಇಟ್ಟಿಗೆಯಿಂದ ಕಟ್ಟಿಸಿದ ಸೋಪಾನಾಕಾರದ ಮಹಾಗೋಪುರದ ಅವಶೇಷವು ಇಂದಿಗೂ ಅಲ್ಲಿ ನಿಂತಿದೆ. ಅಬ್ರಹಾಮನ ತಂದೆಯಾದ ತೆರಹನು ತನ್ನ ಕುಟುಂಬವನ್ನು ಕರೆದುಕೊಂಡು ಕಾನಾನ್ ದೇಶಕ್ಕೆಂದೇ ಹೊರಟವನು. ಆದರೆ ದಾರಿಯ ನಡುವೆ ಖಾರಾನ್ ಪಟ್ಟಣದಲ್ಲಿ ನಿಂತು ಅಲ್ಲಿಯೇ ತೀರಿಕೊಂಡನು. ಆ ಖಾರಾನೂ ಚಂದ್ರಾರಾಧನೆಯ ಪ್ರಸಿದ್ಧ ಕ್ಷೇತ್ರವೇ ಆಗಿತ್ತು. ತೆರಹನು ಅನ್ಯದೇವತೆಗಳನ್ನು ಸೇವಿಸಿದನೆಂದು ಯೆಹೋಶುವನ ಗ್ರಂಥವೂ ಹೇಳುತ್ತದೆ. ಪ್ರಯಾಣ ಹೊರಟವನಿಗೆ ಪರಿಚಿತವಾದುದೊಂದು ಅರ್ಧದಾರಿಯಲ್ಲಿ ದೊರೆತರೆ ಅದನ್ನೇ ಗಮ್ಯವೆಂದು ಭಾವಿಸಿ ನಿಂತುಬಿಡುವುದು ಮನುಷ್ಯಸ್ವಭಾವ. ತಂದೆಯು ನಿಂತಲ್ಲಿಂದ ಮಗನು ಮುಂದೆ ನಡೆಯಬೇಕಾಯಿತು.

ಖಾರಾನಿನಿಂದ ಹೊರಡುವಾಗ ಅಬ್ರಹಾಮನಿಗೆ 75 ವರ್ಷ. ದೇಶ, ಬಂಧುಬಳಗ, ತಂದೆಯ ಮನೆ, ಈ ಮೂರನ್ನೂ ಬಿಟ್ಟು ಹೊರಡೆಂಬ ಆಜ್ಞೆಯಲ್ಲಿ ಬಿಡಬೇಕಾದುದನ್ನು ಒಂದೊಂದಾಗಿ ಹೇಳಿದೆ; ಹೊರಗಿನಿಂದ ಒಳಕ್ಕೆ, ಅಗಲದಿಂದ ಆಳಕ್ಕೆ ಆ ಕ್ರಮವು ಸಾಗುತ್ತದೆ. ಸೇರಬೇಕಾದ ಸ್ಥಳವನ್ನು ಕುರಿತಾದರೋ, ಮುಂದೆ ತೋರಿಸಲಾಗುವುದೆಂಬುದಕ್ಕಿಂತ ಹೆಚ್ಚಿನ ಮಾತಿಲ್ಲ. ಎಲ್ಲಿಗೆ ಹೋಗುತ್ತಿದ್ದೇನೆಂದು ತಿಳಿಯದೆಯೇ ಆತನು ಹೊರಟನೆಂಬುದನ್ನು ಇಬ್ರಿಯರಿಗೆ ಬರೆದ ಪತ್ರಿಕೆಯು ನಂಬಿಕೆಯ ಪರಮೋದಾಹರಣೆಯಾಗಿ ಎತ್ತಿ ಹೇಳುತ್ತದೆ. ನಾವು ಸಾಮಾನ್ಯವಾಗಿ ಕೆಲವು ಸಿದ್ಧಾಂತಗಳನ್ನು ಒಪ್ಪಿಕೊಳ್ಳುವುದಕ್ಕೆ ನಂಬಿಕೆಯೆಂಬ ಹೆಸರನ್ನು ಕೊಡುತ್ತೇವೆ. ಅಬ್ರಹಾಮನಿಗೆ ಒಪ್ಪಿಕೊಳ್ಳಲು ಸಿದ್ಧಾಂತಗಳಿರಲಿಲ್ಲ, ಓದಲು ಶಾಸ್ತ್ರವಿರಲಿಲ್ಲ, ಸೇರಲು ಸಭೆಯಿರಲಿಲ್ಲ. ಇದ್ದುದು ಕರೆದಾತನ ಮಾತೊಂದೇ. ಆ ಮಾತಿನ ಮೇಲೆ ಭಾರವನ್ನಿಟ್ಟು ಕಾಲನ್ನು ಎತ್ತಿದುದೇ ಆತನ ನಂಬಿಕೆ.

ಈ ಕರೆಯ ಇನ್ನೊಂದು ಭಾಗವನ್ನು ಅವಸರದ ಓದುಗರು ಮರೆಯುವುದುಂಟು. ಮಹಾಜನಾಂಗವಾಗುವ ಭಾಗ್ಯ, ಕೀರ್ತಿ, ರಕ್ಷಣೆ, ಇವೆಲ್ಲವನ್ನೂ ವಾಗ್ದಾನಮಾಡಿದ ಬಳಿಕ ಆ ದೈವವಾಣಿಯು ನಿಲ್ಲುವುದು ಅಬ್ರಹಾಮನ ಮನೆಯಂಗಳದಲ್ಲಲ್ಲ. ಭೂಮಿಯ ಸಮಸ್ತ ಕುಲಗಳೂ ಆತನ ಮೂಲಕ ಆಶೀರ್ವಾದವನ್ನು ಹೊಂದುವವೆಂಬಲ್ಲಿ. ಇದು ಆದಿಕಾಂಡದ ಹನ್ನೆರಡನೆಯ ಅಧ್ಯಾಯ. ಅದಕ್ಕೆ ಹಿಂದಿನ ಹನ್ನೊಂದು ಅಧ್ಯಾಯಗಳು ಯಾವ ಒಂದು ಜನಾಂಗದ ಕಥೆಯೂ ಅಲ್ಲ. ಸೃಷ್ಟಿ, ಪತನ, ಸಹೋದರಹತ್ಯೆ, ಜಲಪ್ರಳಯ, ಬಾಬೆಲಿನ ಗೋಪುರದ ಬಳಿ ಮಾನವಕುಲವು ಚದರಿಹೋದುದು, ಹೀಗೆ ಸಮಸ್ತ ಲೋಕದ ಕಥೆ ಅವು. ಲೋಕವೆಲ್ಲವೂ ಒಡೆದುಹೋದ ಹೊತ್ತಿನಲ್ಲಿ ದೇವರು ಒಬ್ಬನನ್ನು ಆರಿಸಿಕೊಂಡನೆಂದರೆ, ಉಳಿದವರನ್ನು ಕೈಬಿಟ್ಟನೆಂದು ಅರ್ಥವಲ್ಲ. ಉಳಿದವರೆಲ್ಲರ ಸಲುವಾಗಿಯೇ ಆ ಒಬ್ಬನನ್ನು ಆರಿಸಿದನೆಂದು ಅರ್ಥ. ಸುವಾರ್ತೆಯು ಅಬ್ರಹಾಮನಿಗೆ ಮುಂದಾಗಿಯೇ ತಿಳಿಸಲ್ಪಟ್ಟಿತ್ತೆಂದು ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಹೇಳುವುದು ಈ ವಾಕ್ಯವನ್ನು ನೆನೆದೇ. ನಾಲೆಗೆ ನೀರನ್ನು ಬಿಡುವುದು ನಾಲೆಯ ದಾಹವನ್ನು ತಣಿಸಲಿಕ್ಕಲ್ಲ, ಅದರ ಕೊನೆಯಲ್ಲಿರುವ ಗದ್ದೆಯನ್ನು ನನೆಸಲಿಕ್ಕೆ. ಆಶೀರ್ವಾದದ ಧರ್ಮವೂ ಅದೇ.

ಕಾನಾನ್ ದೇಶವನ್ನು ಮುಟ್ಟಿದ ಮೇಲೆ ಅಬ್ರಹಾಮನು ಮಾಡಿದುದೇನು? ಶೆಕೆಮಿನ ಬಳಿ ಒಂದು ಯಜ್ಞವೇದಿಯನ್ನು ಕಟ್ಟಿದನು. ಬೇತೇಲಿನ ಮೂಡಣ ಬೆಟ್ಟದಲ್ಲಿ ಮತ್ತೊಂದನ್ನು ಕಟ್ಟಿದನು. ತಾನು ವಾಸಿಸಲು ಮಾತ್ರ ಕಲ್ಲಿನ ಮನೆಯನ್ನು ಕಟ್ಟದೆ ಗುಡಾರವನ್ನು ಹಾಕಿಕೊಂಡನು. ಆಗ ಕಾನಾನ್ಯರು ಆ ದೇಶದಲ್ಲಿದ್ದರೆಂದು ಕಥೆಗಾರನು ಎಚ್ಚರಿಕೆಯಿಂದ ಸೂಚಿಸುತ್ತಾನೆ. ನೆಲವು ತನಗೆ ವಾಗ್ದತ್ತವೆಂಬ ಕಾರಣದಿಂದ ಅಬ್ರಹಾಮನು ಅವರಲ್ಲಿ ಒಬ್ಬನನ್ನಾದರೂ ಅಲ್ಲಿಂದ ಎಬ್ಬಿಸಲಿಲ್ಲ. ಅವರ ನಡುವೆ ಪರದೇಶಿಯಾಗಿಯೇ ನೆಲೆಸಿದನು. ದೇವರ ಹೆಸರನ್ನು ಹೊತ್ತು ಪರರ ನಾಡಿಗೆ ಹೋಗುವವನು ಒಡೆಯನಾಗಿ ಅಲ್ಲದೆ ಅತಿಥಿಯಾಗಿ ಹೋಗಬೇಕೆಂಬ ಪಾಠವು ಕಥೆಯ ಆರಂಭದಲ್ಲಿಯೇ ಇದೆ.

ಆದರೆ ಸತ್ಯವೇದವು ತನ್ನ ಮಹಾಪುರುಷರ ದೋಷಗಳನ್ನು ಮರೆಮಾಚುವ ಗ್ರಂಥವಲ್ಲ. ಕ್ಷಾಮವು ಒದಗಿ ಐಗುಪ್ತಕ್ಕೆ ಇಳಿದುಹೋದ ಅಬ್ರಹಾಮನು, ಪತ್ನಿಯ ಸೌಂದರ್ಯದಿಂದ ತನ್ನ ಪ್ರಾಣಕ್ಕೆ ಅಪಾಯವಾದೀತೆಂದು ಹೆದರಿ, ಆಕೆಯನ್ನು ತಂಗಿಯೆಂದು ಹೇಳಿಸಿದನು. ಆಕೆಯನ್ನು ಫರೋಹನ ಅರಮನೆಗೆ ಕರೆದೊಯ್ದರು. ಫರೋಹನ ಮನೆತನಕ್ಕೆ ಉಪದ್ರವಗಳು ಬಂದವು. ಸಮಸ್ತ ಕುಲಗಳಿಗೂ ಆಶೀರ್ವಾದವಾಗಬೇಕಾಗಿದ್ದವನು, ತಾನು ಕಾಲಿಟ್ಟ ಮೊದಲನೆಯ ಪರರಾಜ್ಯಕ್ಕೆ ಬಾಧೆಯನ್ನು ತಂದನು. ಇದಕ್ಕೆ ಕಾರಣವನ್ನು ಬಹುದೂರ ಹುಡುಕಬೇಕಾದುದಿಲ್ಲ. ದೇವರು ಕಾಯುವನೆಂಬ ಭರವಸೆಯು ಎದೆಯಲ್ಲಿ ಕುಗ್ಗಿದೊಡನೆ ಮನುಷ್ಯನು ತನ್ನನ್ನು ತಾನೇ ಕಾಯಲು ಹವಣಿಸುತ್ತಾನೆ. ಆ ಹವಣಿಕೆಯಲ್ಲಿ ಪಕ್ಕದವರು ಅವನ ಕಣ್ಣಿಗೆ ಗುರಾಣಿಗಳಾಗಿಯೋ ಶತ್ರುಗಳಾಗಿಯೋ ಕಾಣುತ್ತಾರೆ. ನಂಬಿಕೆಯ ಊನವು ನಂಬಿದವನೊಬ್ಬನ ನಷ್ಟವಾಗಿ ಉಳಿಯುವುದಿಲ್ಲ. ಅದರ ಕಷ್ಟವು ಸುತ್ತಲಿನವರನ್ನೂ ತಟ್ಟುತ್ತದೆ.

ಐಗುಪ್ತದಿಂದ ಹಿಂದಿರುಗಿದ ಅಬ್ರಹಾಮನು ಬೇರೆಯ ಮನುಷ್ಯನಂತೆ ನಡೆದುಕೊಳ್ಳುತ್ತಾನೆ. ತಮ್ಮನ ಮಗನಾದ ಲೋಟನ ಕುರುಬರಿಗೂ ತನ್ನ ಕುರುಬರಿಗೂ ಮೇವಿನ ವಿಷಯದಲ್ಲಿ ಜಗಳ ಹುಟ್ಟಿದಾಗ, ಹಿರಿಯನಾದ ತಾನು ಮೊದಲು ಆರಿಸಿಕೊಳ್ಳುವ ಹಕ್ಕನ್ನು ಬಿಟ್ಟು, ನೀರಾವರಿಯಿಂದ ಕೂಡಿದ ಯೊರ್ದನಿನ ಬಯಲನ್ನು ಲೋಟನು ಆರಿಸಿಕೊಂಡಾಗ ಸುಮ್ಮನೆ ಒಪ್ಪಿಕೊಂಡನು. ಆಮೇಲೆ ಅರಸರ ಯುದ್ಧದಲ್ಲಿ ಲೋಟನು ಸೆರೆಹೋದ ಸುದ್ದಿಯನ್ನು ಕೇಳಿ, ತನ್ನ ಮನೆಯಲ್ಲೇ ಹುಟ್ಟಿ ಬೆಳೆದ 318 ಮಂದಿ ಆಳುಗಳನ್ನು ಕೂಡಿಸಿಕೊಂಡು, ದಮಸ್ಕದ ಉತ್ತರದವರೆಗೂ ಬೆನ್ನಟ್ಟಿಹೋಗಿ ಬಿಡಿಸಿಕೊಂಡು ಬಂದನು. ಮರಳಿ ಬರುವ ದಾರಿಯಲ್ಲಿ ಇಬ್ಬರು ಅರಸರು ಎದುರುಗೊಂಡರು. ಸಾಲೇಮಿನ ಅರಸನೂ ಪರಾತ್ಪರ ದೇವರ ಯಾಜಕನೂ ಆದ ಮೆಲ್ಕಿಚೆದೆಕನು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತಂದು ಹರಸಿದನು. ಅಬ್ರಹಾಮನು ಆತನ ಮುಂದೆ ತಲೆಬಾಗಿ ದಶಮಾಂಶವನ್ನು ಒಪ್ಪಿಸಿದನು. ಸೊದೋಮಿನ ಅರಸನು ಕೊಳ್ಳೆಯ ಸೊತ್ತನ್ನೆಲ್ಲ ಇಟ್ಟುಕೊಳ್ಳೆಂದನು. ತನ್ನನ್ನು ಐಶ್ವರ್ಯವಂತನಾಗಿ ಮಾಡಿದವನು ತಾನೆಂದು ಆ ಅರಸನು ಹೇಳಿಕೊಳ್ಳುವಂತಾಗಬಾರದೆಂದು ಅಬ್ರಹಾಮನು ಒಂದು ದಾರವನ್ನಾಗಲಿ ಕೆರದ ಬಾರನ್ನಾಗಲಿ ಮುಟ್ಟಲೊಲ್ಲದೆ ಹೋದನು. ಈ ಎರಡು ನಡತೆಗಳನ್ನು ಜೊತೆಯಾಗಿಟ್ಟು ನೋಡಬೇಕು. ತನ್ನ ಗೋತ್ರಕ್ಕೆ ಸೇರದ ಯಾಜಕನಿಂದ ಆಶೀರ್ವಾದವನ್ನು ಪಡೆಯಲು ಆತನಿಗೆ ಸಂಕೋಚವಿಲ್ಲ. ಅರಸನಿಂದ ಲಾಭವನ್ನು ಪಡೆಯಲು ಮನಸ್ಸಿಲ್ಲ. ಪರರಿಗೆ ಕೊಡಲು ಹೊರಟವನು ಪರರಲ್ಲಿರುವ ದೈವಾಂಶದ ಮುಂದೆ ಬಾಗಲೂ ಬಲ್ಲವನಾಗಿರಬೇಕು. ಕೊಟ್ಟುದಕ್ಕೆ ಬೆಲೆಯನ್ನು ಕೇಳದವನೂ ಆಗಿರಬೇಕು.

ವರ್ಷಗಳು ಕಳೆದವು, ಮಗು ಹುಟ್ಟಲಿಲ್ಲ. ವಾಗ್ದಾನವನ್ನು ಕೊಟ್ಟವನನ್ನೇ ಅಬ್ರಹಾಮನು ಪ್ರಶ್ನಿಸಿದನು: ಸೇವಕನಾದ ದಮಸ್ಕದ ಎಲೀಯೆಜರನೇ ತನ್ನ ಮನೆಗೆ ಬಾಧ್ಯಸ್ಥನಾಗಬೇಕೆ? ಉತ್ತರವಾಗಿ ದೇವರು ಆತನನ್ನು ಹೊರಕ್ಕೆ ಕರೆದು ನಕ್ಷತ್ರಗಳನ್ನು ತೋರಿಸಿದನು. ಆತನು ನಂಬಿದನು, ಆ ನಂಬಿಕೆಯು ಆತನ ಲೆಕ್ಕಕ್ಕೆ ನೀತಿಯೆಂದು ಎಣಿಸಲ್ಪಟ್ಟಿತು. ಪ್ರಶ್ನೆಯೂ ನಂಬಿಕೆಯೂ ಒಂದೇ ರಾತ್ರಿಯಲ್ಲಿ, ಒಂದೇ ಹೃದಯದಲ್ಲಿ ಇದ್ದುವೆಂಬುದು ಇಲ್ಲಿ ಗಮನಾರ್ಹ. ಸಂದೇಹವು ಸುಳಿದೊಡನೆ ತಮ್ಮ ಭಕ್ತಿಯೇ ಹೋಯಿತೆಂದು ಕೊರಗುವ ಸಾತ್ತ್ವಿಕರು ಈ ಅಧ್ಯಾಯವನ್ನು ಮರಳಿ ಮರಳಿ ಓದಬೇಕು. ದೇವರ ಮುಂದೆಯೇ ಇಟ್ಟ ಪ್ರಶ್ನೆಯು ನಂಬಿಕೆಯ ಒಂದು ರೂಪವೇ ಸರಿ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಮತ್ತೊಂದು ಸೂಕ್ಷ್ಮವನ್ನು ತೋರಿಸುತ್ತಾನೆ: ಅಬ್ರಹಾಮನು ನೀತಿವಂತನೆಂದು ಎಣಿಸಲ್ಪಟ್ಟುದು ಸುನ್ನತಿಯಾಗುವುದಕ್ಕೆ ಮುಂಚೆ, ಆದುದರಿಂದ ಆತನು ಸುನ್ನತಿಯಿಲ್ಲದೆ ನಂಬುವವರಿಗೂ ತಂದೆ. ನಂಬಿಕೆಯು ಕುಲಚಿಹ್ನೆಗಿಂತ ಮೊದಲಿನದಾದುದರಿಂದಲೇ ಅದು ಕುಲದ ಗಡಿಯನ್ನು ದಾಟಬಲ್ಲದು. ಯಾಕೋಬನ ಪತ್ರಿಕೆಯು ಇದೇ ಅಬ್ರಹಾಮನನ್ನು ಕ್ರಿಯೆಯಿಂದ ಸಿದ್ಧಿಗೆ ಬಂದ ನಂಬಿಕೆಗೆ ಸಾಕ್ಷಿಯಾಗಿ ಕರೆಯುತ್ತದೆ. ಬೇರನ್ನು ನೋಡಿದವನೊಬ್ಬ, ಫಲವನ್ನು ನೋಡಿದವನೊಬ್ಬ. ಇಬ್ಬರ ಮಾತಿಗೂ ಅಬ್ರಹಾಮನ ಬಾಳಿನಲ್ಲಿ ಆಧಾರವಿದೆ.

ಕಾಯುವುದು ಕಷ್ಟವಾದಾಗ ಅವಸರವು ಹುಟ್ಟುತ್ತದೆ. ಸಾರಳು ತನ್ನ ಐಗುಪ್ತದ ದಾಸಿಯಾದ ಹಾಗರಳನ್ನು ಗಂಡನಿಗೆ ಒಪ್ಪಿಸಿದಳು. ಅಬ್ರಹಾಮನ 86ನೆಯ ವಯಸ್ಸಿನಲ್ಲಿ ಇಷ್ಮಾಯೇಲನು ಹುಟ್ಟಿದನು. ಆ ಮನೆಯಲ್ಲಿ ಆ ದಾಸಿಯು ಪಟ್ಟ ಪಾಡನ್ನು ಗ್ರಂಥವು ಮುಚ್ಚಿಡುವುದಿಲ್ಲ. ಗರ್ಭಿಣಿಯಾಗಿ ಒಮ್ಮೆ ಓಡಿಹೋದಳು. ಮಗನನ್ನು ಪಡೆದ ಮೇಲೆ ರೊಟ್ಟಿಯನ್ನೂ ನೀರಿನ ತಿತ್ತಿಯನ್ನೂ ಹೆಗಲ ಮೇಲೆ ಹೊತ್ತು ಬೇರ್ಷೆಬದ ಅಡವಿಗೆ ಹೊರಡಿಸಲ್ಪಟ್ಟಳು. ದೇವದೂತನು ಆಕೆಯನ್ನು ಮಾತನಾಡಿಸಿದುದು ಅಬ್ರಹಾಮನ ಗುಡಾರದಲ್ಲಲ್ಲ, ಅಡವಿಯಲ್ಲಿ. ತನ್ನನ್ನು ನೋಡುವ ದೇವರೆಂದು ದೇವರಿಗೇ ಹೆಸರಿಟ್ಟವಳು ಆ ದಾಸಿಯೇ. ಭಕ್ತನ ಮನೆಯಿಂದ ಹೊರದೂಡಲ್ಪಟ್ಟವರ ಮೊರೆಯನ್ನು ಭಕ್ತನ ದೇವರು ಕೇಳುತ್ತಾನೆಂಬುದಕ್ಕಿಂತ ದೊಡ್ಡ ಎಚ್ಚರಿಕೆಯು ಧಾರ್ಮಿಕ ಮನೆತನಗಳಿಗೆ ಬೇರೊಂದಿಲ್ಲ. ಧರ್ಮಸೇವೆಗೆಂದು ಲೋಕವನ್ನು ಸುತ್ತುವವನು ತನ್ನ ಅಡಿಗೆಮನೆಯಲ್ಲಿ ದುಡಿಯುವವಳ ಕಣ್ಣೀರನ್ನು ಕಾಣದಿದ್ದರೆ, ಅವನು ಹೇಳುವ ಸುವಾರ್ತೆಯನ್ನು ಕೇಳಬೇಕಾದವರಲ್ಲಿ ಅವನೇ ಮೊದಲಿಗ.

ಇನ್ನು ಈ ಚರಿತ್ರೆಯ ಹೃದಯಸ್ಥಾನಕ್ಕೆ ಬರೋಣ. ಅದು ಮಮ್ರೆಯ ತೋಪು, ಬಿಸಿಲೇರಿದ ಹೊತ್ತು. ಗುಡಾರದ ಬಾಗಿಲಲ್ಲಿ ಕುಳಿತಿದ್ದ ವೃದ್ಧನು ಮೂವರು ಅಪರಿಚಿತರನ್ನು ಕಂಡು ಎದ್ದು ಓಡಿಹೋಗಿ ನೆಲಕ್ಕೆ ಬಾಗಿ ನಮಸ್ಕರಿಸಿದನು. ಸ್ವಲ್ಪ ನೀರು, ತುತ್ತು ರೊಟ್ಟಿ ಎಂದು ವಿನಯದಿಂದ ಕರೆದು, ಸಾರಳಿಂದ ನಯವಾದ ಹಿಟ್ಟಿನ ರೊಟ್ಟಿಗಳನ್ನು ಮಾಡಿಸಿ, ಎಳೆಗರುವನ್ನು ಅಡಿಗೆಮಾಡಿಸಿ, ಬೆಣ್ಣೆಯನ್ನೂ ಹಾಲನ್ನೂ ತಂದಿಟ್ಟು, ಅವರು ಊಟಮಾಡುತ್ತಿರುವಾಗ ಮರದ ಕೆಳಗೆ ಸೇವಕನಂತೆ ನಿಂತನು. ಅವರು ಯಾರೆಂದು ವಿಚಾರಿಸದೆ ಮಾಡಿದ ಉಪಚಾರ ಅದು. ಆ ಊಟದ ಬಳಿಕ ಎರಡು ಸಂಗತಿಗಳು ಹೊರಬಿದ್ದವು: ಒಂದು, ಮರುವರ್ಷ ಸಾರಳಿಗೆ ಮಗನು ಹುಟ್ಟುವನೆಂಬುದು, ಇನ್ನೊಂದು, ಸೊದೋಮ್ ಗೊಮೋರಗಳ ಮೊರೆಯು ಘೋರವಾಗಿರುವುದರಿಂದ ಅವುಗಳ ಮೇಲೆ ನ್ಯಾಯತೀರ್ಪು ಬರಲಿದೆಯೆಂಬುದು. ಈ ಎರಡನೆಯದನ್ನು ಅಬ್ರಹಾಮನಿಗೆ ಏಕೆ ತಿಳಿಸಬೇಕು? ದೇವರು ತನ್ನಲ್ಲಿ ತಾನೇ ಆಲೋಚಿಸಿದ ಕಾರಣವನ್ನು ಗ್ರಂಥವೇ ತಿಳಿಸುತ್ತದೆ: ಎಲ್ಲ ಜನಾಂಗಗಳಿಗೂ ಆಶೀರ್ವಾದವಾಗಬೇಕಾದವನಿಂದ ಈ ಜನಾಂಗದ ವಿಷಯವನ್ನು ಮುಚ್ಚಿಡಬಹುದೆ? ನೀತಿನ್ಯಾಯಗಳ ಮಾರ್ಗವನ್ನು ಸಂತಾನಕ್ಕೆ ಕಲಿಸಬೇಕಾದವನು ನ್ಯಾಯದ ಈ ಪ್ರಕರಣವನ್ನು ಅರಿಯದಿರಬಹುದೆ? ಆಶೀರ್ವಾದದ ಹೊಣೆಯನ್ನು ಹೊತ್ತ ಕಾರಣದಿಂದಲೇ ಆತನಿಗೆ ದೈವಸಂಕಲ್ಪದ ಒಳಗುಟ್ಟು ತೆರೆಯಿತು.

ಆಗ ಅಬ್ರಹಾಮನು ಏನು ಮಾಡಿದನು? ಸೊದೋಮಿನವರು ದುಷ್ಟರೆಂಬುದು ಆತನಿಗೆ ತಿಳಿಯದ ವಿಷಯವಲ್ಲ. ಅದರ ಅರಸನ ಸೊತ್ತನ್ನು ಮುಟ್ಟಲೊಲ್ಲದವನು ಆತನೇ. ಪಾಪಿಗಳಿಗೆ ತಕ್ಕ ಶಾಸ್ತಿಯಾಯಿತೆಂದು ಸುಮ್ಮನಿರಬಹುದಾಗಿತ್ತು. ಲೋಟನೊಬ್ಬನನ್ನು ಉಳಿಸಿಕೊಡೆಂದು ಬೇಡಿ ತೃಪ್ತನಾಗಬಹುದಾಗಿತ್ತು. ಆತನು ಬೇಡಿದುದು ಇಡೀ ಪಟ್ಟಣಕ್ಕಾಗಿ. 50 ಮಂದಿ ನೀತಿವಂತರಿದ್ದರೆ ಉಳಿಸುವೆಯಾ ಎಂದು ಮೊದಲುಮಾಡಿ, 45, 40, 30, 20 ಎಂದು ಇಳಿಯುತ್ತ ಬಂದು, 10ಕ್ಕೆ ನಿಲ್ಲಿಸಿದನು. ತಾನು ಮಣ್ಣೂ ಬೂದಿಯೂ ಆದವನೆಂಬ ಪರಮವಿನಯವೂ, ಸರ್ವಲೋಕಕ್ಕೆ ನ್ಯಾಯತೀರಿಸುವವನು ಅನ್ಯಾಯವನ್ನು ಮಾಡಲಾಗದೆಂಬ ಪರಮಧೈರ್ಯವೂ ಆ ಬಿನ್ನಹದಲ್ಲಿ ಒಟ್ಟಿಗೆ ಕೂಡಿದ್ದುವು. ಆರಿಸಲ್ಪಟ್ಟವನು ಆರಿಸಲ್ಪಡದವರ ಪರವಾಗಿ ದೇವರ ಮುಂದೆ ನಿಂತು ವಾದಿಸಿದ ಆ ಗಳಿಗೆಯಲ್ಲಿ, ಆಯ್ಕೆಯೆಂದರೇನೆಂಬುದರ ಅರ್ಥವು ಪ್ರಕಟವಾಯಿತು. ಪಟ್ಟಣವೇನೋ ಉಳಿಯಲಿಲ್ಲ, ಮರುದಿನ ಬೆಳಿಗ್ಗೆ ಅಬ್ರಹಾಮನು ನೋಡಿದುದು ಬಯಲಿನಿಂದ ಏಳುತ್ತಿದ್ದ ಹೊಗೆಯನ್ನು. ಆದರೂ ದೇವರು ಅಬ್ರಹಾಮನನ್ನು ನೆನೆದು ಲೋಟನನ್ನು ಪಾರುಮಾಡಿದನೆಂದು ಗ್ರಂಥವು ಹೇಳುತ್ತದೆ. ನಾವು ಬೇಡಿದ ರೂಪದಲ್ಲಿಯೇ ಫಲಿಸದಿದ್ದರೂ ಪರರಿಗಾಗಿ ಸಲ್ಲಿಸಿದ ಪ್ರಾರ್ಥನೆಯು ಬರಿದಾಗುವುದಿಲ್ಲ.

ಇಷ್ಟಾಗಿಯೂ ಆತನು ಮತ್ತೊಮ್ಮೆ ಎಡವಿದನು. ಗೆರಾರಿನಲ್ಲಿ ಪುನಃ ಸಾರಳನ್ನು ತಂಗಿಯೆಂದು ಹೇಳಿದನು. ಅಲ್ಲಿಯ ಅರಸನಾದ ಅಬೀಮೆಲೆಕನು ಆಕೆಯನ್ನು ಕರೆಸಿಕೊಂಡನು. ಸ್ವಪ್ನದಲ್ಲಿ ದೇವರು ಎಚ್ಚರಿಸಿದೊಡನೆ ಆ ಅನ್ಯಕುಲದ ಅರಸನು ಭಯಗೊಂಡು ಆಕೆಯನ್ನು ಹಿಂದಕ್ಕೆ ಕೊಟ್ಟು, ಅಬ್ರಹಾಮನನ್ನು ನ್ಯಾಯವಾಗಿಯೇ ಆಕ್ಷೇಪಿಸಿದನು. ಈ ಸ್ಥಳದಲ್ಲಿ ದೇವರ ಭಯವಿಲ್ಲವೆಂದು ತಾನು ಎಣಿಸಿದುದೇ ಕಾರಣವೆಂದು ಅಬ್ರಹಾಮನು ಒಪ್ಪಿಕೊಳ್ಳಬೇಕಾಯಿತು. ದೇವರ ಭಯವು ಅಲ್ಲಿತ್ತು. ಅದನ್ನು ಕಾಣುವ ಕಣ್ಣು ಭಕ್ತನಲ್ಲಿರಲಿಲ್ಲ. ಧರ್ಮಪ್ರಚಾರಕ್ಕೆಂದು ಹೊರಡುವವರು ಮಾಡುವ ಅತ್ಯಂತ ಸಾಮಾನ್ಯವೂ ಅತ್ಯಂತ ಹಾನಿಕರವೂ ಆದ ಅಪರಾಧವು ಇದೇ: ತಾವು ಹೋಗುವ ಮುನ್ನ ದೇವರು ಅಲ್ಲಿಗೆ ಹೋಗಿಲ್ಲವೆಂಬ ಎಣಿಕೆ. ಹಾಗಿದ್ದರೂ ಸತ್ಯವೇದದಲ್ಲಿ ಪ್ರವಾದಿಯೆಂಬ ಪದವಿಯು ಮೊತ್ತಮೊದಲು ಒಬ್ಬ ಮನುಷ್ಯನಿಗೆ ಸಲ್ಲುವುದು ಈ ಪ್ರಸಂಗದಲ್ಲಿಯೇ. ಅಬೀಮೆಲೆಕನಿಗಾಗಿ ಪ್ರಾರ್ಥಿಸಬಲ್ಲ ಪ್ರವಾದಿ ಈತನೆಂದು ದೇವರು ಅಬ್ರಹಾಮನನ್ನು ಕುರಿತು ಹೇಳುತ್ತಾನೆ. ತಾನೇ ನೋಯಿಸಿದ ಅರಸನಿಗಾಗಿ ಆತನು ಪ್ರಾರ್ಥಿಸಿದನು. ಅರಸನ ಮನೆತನವು ಗುಣಹೊಂದಿತು.

ಅಬ್ರಹಾಮನ 100ನೆಯ ವರ್ಷದಲ್ಲಿ ಇಸಾಕನು ಹುಟ್ಟಿದನು. ಆಮೇಲೆ ಮೊರೀಯ ದೇಶದ ಬೆಟ್ಟ. ಒಬ್ಬನೇ ಮಗನನ್ನು ಸರ್ವಾಂಗಹೋಮವಾಗಿ ಅರ್ಪಿಸೆಂಬ ಆಜ್ಞೆಯನ್ನು ಕೇಳಿ ಮುಂಜಾನೆ ಎದ್ದು ಕತ್ತೆಗೆ ತಡಿಹಾಕಿ ಹೊರಟವನು, ಮೂರನೆಯ ದಿನ ದೂರದಿಂದ ಸ್ಥಳವನ್ನು ಕಂಡನು. ಕಟ್ಟಿಗೆಯನ್ನು ಮಗನ ಮೇಲೆ ಹೊರಿಸಿ, ಬೆಂಕಿಯನ್ನೂ ಕತ್ತಿಯನ್ನೂ ತಾನು ಹಿಡಿದನು. ಕುರಿಯೆಲ್ಲಿ ಎಂದು ಮಗನು ಕೇಳಿದಾಗ ದೇವರೇ ಒದಗಿಸುವನೆಂದನು. ಡೆನ್ಮಾರ್ಕಿನ ತತ್ತ್ವಜ್ಞಾನಿ ಸೋರೆನ್ ಕೀರ್ಕೆಗಾರ್ಡನು 1843ರಲ್ಲಿ ಪ್ರಕಟಿಸಿದ ಗ್ರಂಥವೊಂದು ಆದ್ಯಂತವೂ ಈ ಮೂರು ದಿನಗಳ ಮೌನವನ್ನು ಕುರಿತದ್ದು. ನೀತಿಯ ಸಾಮಾನ್ಯ ನಿಯಮವನ್ನೂ ಮೀರಿದ ಏಕಾಂತಸಂಬಂಧವೊಂದು ನಂಬಿಕೆಯಲ್ಲಿದೆಯೆ ಎಂದು ಆತನು ಕೇಳಿದ ಪ್ರಶ್ನೆ ಇಂದಿಗೂ ವಿಚಾರವಂತರನ್ನು ಕಾಡುತ್ತಿದೆ.

ಈ ಪ್ರಸಂಗವನ್ನು ಓದಿ ನಡುಗದವನು ಅದನ್ನು ಓದಿದವನೇ ಅಲ್ಲ. ದೇವರ ಹೆಸರಿನಲ್ಲಿ ಕತ್ತಿಯೆತ್ತುವವರಿಗೆ ಇದು ಆಧಾರವಾಗಲಾರದೆ ಎಂದು ಕೇಳುವವರ ಆತಂಕವು ನ್ಯಾಯವಾದುದು. ಆದರೆ ಕಥೆಯ ಅಂತ್ಯವು ಕತ್ತಿಯನ್ನು ತಡೆದ ಧ್ವನಿಯಲ್ಲಿದೆ, ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡ ಟಗರಿನಲ್ಲಿದೆ. ಮುಂದೆ ಮೋಶೆಯ ಧರ್ಮಶಾಸ್ತ್ರವು ಶಿಶುಬಲಿಯನ್ನು ನಿಷೇಧಿಸಿತು. ಹಿನ್ನೋಮ್ ಕಣಿವೆಯ ಶಿಶುಹೋಮಗಳನ್ನು ಪ್ರವಾದಿಯಾದ ಯೆರೆಮೀಯನು ಉಗ್ರವಾಗಿ ಖಂಡಿಸಿದನು. ಆದುದರಿಂದ ಪರರ ಪ್ರಾಣವನ್ನು ತೆಗೆಯುವುದಕ್ಕೆ ಇಲ್ಲಿ ಅನುಮತಿಯನ್ನು ಹುಡುಕುವವನು ಗ್ರಂಥಕ್ಕೇ ದ್ರೋಹಮಾಡುತ್ತಾನೆ. ಮಮ್ರೆ ಮತ್ತು ಮೊರೀಯಗಳನ್ನು ಎದುರುಬದುರಾಗಿಟ್ಟು ನೋಡಿದಾಗ ನನಗೆ ಕಾಣುವ ಅರ್ಥವು ಬೇರೆ. ಪರರ ಪಟ್ಟಣಕ್ಕಾಗಿ ಆರು ಸಲ ಬಾಯಿಬಿಟ್ಟು ಬೇಡಿದವನು ತನ್ನ ಮಗನಿಗಾಗಿ ಒಂದು ಮಾತನ್ನೂ ಆಡಲಿಲ್ಲ. ನಮ್ಮ ಪ್ರಾರ್ಥನೆಗಳ ರೀತಿಯು ಬಹುಮಟ್ಟಿಗೆ ಇದಕ್ಕೆ ವಿಪರೀತ: ನಮ್ಮವರಿಗಾಗಿ ಗೋಳಿಡುತ್ತೇವೆ, ಪರರ ನಾಶದ ಸುದ್ದಿಯನ್ನು ದೇವರ ಚಿತ್ತವೆಂದು ಶಾಂತವಾಗಿ ಒಪ್ಪಿಕೊಳ್ಳುತ್ತೇವೆ. ಇಸಾಕನು ಅಬ್ರಹಾಮನಿಗೆ ಮಗನಷ್ಟೇ ಅಲ್ಲ, ಸಕಲ ವಾಗ್ದಾನದ ಮೂರ್ತರೂಪ. ಆ ವಾಗ್ದಾನವನ್ನು ತನ್ನ ಸೊತ್ತೆಂದು ಬಿಗಿಹಿಡಿಯದೆ ಕೊಟ್ಟವನ ಕೈಗೇ ಒಪ್ಪಿಸಿದುದರಿಂದ ಅದು ಮತ್ತೆ ಆತನಿಗೆ ದೊರೆಯಿತು. ದೊರೆತುದು ಆತನಿಗಾಗಿ ಮಾತ್ರವೂ ಅಲ್ಲ. ಆ ಬೆಟ್ಟದ ಮೇಲೆಯೇ, ಭೂಮಿಯ ಎಲ್ಲ ಜನಾಂಗಗಳಿಗೂ ಆಶೀರ್ವಾದವುಂಟಾಗುವುದೆಂಬ ಮೊದಲಿನ ಮಾತು ಪುನಃ ಕೇಳಿಬಂದಿತು.

ಆತನ ಕಡೆಯ ದಿನಗಳ ಎರಡು ಸಂಗತಿಗಳನ್ನು ಹೇಳಬೇಕು. ಸಾರಳು 127 ವರ್ಷ ಬಾಳಿ ಹೆಬ್ರೋನಿನಲ್ಲಿ ತೀರಿಕೊಂಡಾಗ, ಇಡೀ ದೇಶದ ವಾಗ್ದಾನವನ್ನು ಪಡೆದಿದ್ದ ಅಬ್ರಹಾಮನಿಗೆ ಆಕೆಯನ್ನು ಹೂಣಲು ಗೇಣು ನೆಲವಿರಲಿಲ್ಲ. ಆತನು ಹಿತ್ತಿಯರ ಮುಂದೆ ಬಗ್ಗಿ ನಮಸ್ಕರಿಸಿ, ತಾನು ಪರದೇಶಿಯೆಂದು ಹೇಳಿಕೊಂಡು, ಮಕ್ಪೇಲದ ಗುಹೆಯನ್ನು ಎಫ್ರೋನನಿಂದ 400 ಶೆಕೆಲ್ ಬೆಳ್ಳಿಗೆ ಪೂರ್ಣ ಕ್ರಯಕೊಟ್ಟು ಊರವರ ಸಾಕ್ಷಿಯಲ್ಲಿ ಕೊಂಡನು. ದೇವರು ಕೊಟ್ಟ ನೆಲವೆಂಬ ಹೆಸರಿನಲ್ಲಿ ಬೆಲೆಕೊಡದೆ ಸೆಳೆದುಕೊಳ್ಳುವ ಮಾತನ್ನು ಆತನು ಎತ್ತಲಿಲ್ಲ. ಎರಡನೆಯದು, ಇಸಾಕನಿಗೆ ವಧುವನ್ನು ತರಲು ಸೇವಕನನ್ನು ಕಳುಹಿಸಿದ ಪ್ರಸಂಗ. ಆ ಕನ್ಯೆಯು ಬರಲೊಪ್ಪದಿದ್ದರೆ ನೀನು ಪ್ರಮಾಣದಿಂದ ಬಿಡುಗಡೆಯಾದವನೆಂದು ಅಬ್ರಹಾಮನು ಮೊದಲೇ ಹೇಳಿ ಕಳುಹಿಸಿದನು. ಆ ಸೇವಕನು ಬಾವಿಯ ಬಳಿ ಪ್ರಾರ್ಥಿಸಿ ಕಾದನು. ಕಂಡುದನ್ನು ಕಂಡಂತೆ ಹೇಳಿದನು. ರೆಬೆಕ್ಕಳನ್ನು ಕರೆದು ಕೇಳಿದಾಗ ಹೋಗುವೆನೆಂದು ಆಕೆಯೇ ಒಪ್ಪಿದಳು. ಕಳುಹಿಸಲ್ಪಟ್ಟವನ ಧರ್ಮವೆಲ್ಲವೂ ಇದರಲ್ಲಿ ಅಡಕವಾಗಿದೆ: ಪ್ರಾರ್ಥಿಸುವುದು, ಸತ್ಯವನ್ನು ಹೇಳುವುದು, ಕೇಳುವವರ ಸಮ್ಮತಿಯನ್ನು ಅವರಿಗೇ ಬಿಡುವುದು. ಬಲಾತ್ಕಾರಕ್ಕೂ ಆಮಿಷಕ್ಕೂ ಅಬ್ರಹಾಮನ ಮನೆಯ ದೌತ್ಯದಲ್ಲಿ ಎಡೆಯಿಲ್ಲ.

ಈ ಮಾತುಗಳನ್ನು ಕನ್ನಡನಾಡಿನಲ್ಲಿ ಕುಳಿತು ಬರೆಯುವಾಗ, ತಂದೆಯ ಮನೆಯನ್ನು ಬಿಟ್ಟು ಇಲ್ಲಿಗೆ ಬಂದ ಕೆಲವರನ್ನು ನೆನೆಯದಿರಲಾಗದು. ಬಾಸೆಲ್ ಮಿಷನ್ನಿನ ಮೊದಲ ಸೇವಕರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಅವರ ಬಳಿಕ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಕನ್ನಡವನ್ನು ಕಲಿಯುವುದರಲ್ಲಿಯೇ ಬಾಳನ್ನು ಸವೆಸಿ, ‘ಶಬ್ದಮಣಿದರ್ಪಣ’ವನ್ನೂ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ, 1894ರಲ್ಲಿ ತಮ್ಮ ಮಹಾನಿಘಂಟುವನ್ನು ಈ ಜನರ ಕೈಗಿತ್ತರು. ಕೊಡಲು ಬಂದವರು ಮೊದಲು ಅತಿಥಿಗಳಾಗಿ ಕುಳಿತು ಈ ನಾಡಿನ ಮಾತಿಗೆ ಕಿವಿಗೊಟ್ಟರು; ಆ ಕಿವಿಗೊಡುವಿಕೆಯಿಂದ ಅವರ ಮತವನ್ನು ಒಪ್ಪದ ಲಕ್ಷಾಂತರ ಕನ್ನಡಿಗರಿಗೂ ಆಶೀರ್ವಾದವಾಯಿತು. ಲೋಕದ ಬೇರೆಬೇರೆ ಖಂಡಗಳಲ್ಲಿ ಮಿಷನ್ ಕಾರ್ಯವು ಸಾಮ್ರಾಜ್ಯದ ಬೆನ್ನನ್ನು ಹತ್ತಿಹೋಗಿ, ಸ್ಥಳೀಯರ ಭಾಷೆಯನ್ನೂ ಮರ್ಯಾದೆಯನ್ನೂ ತುಳಿದುದೂ ಉಂಟು. ಅಲ್ಲಿ ಅಬ್ರಹಾಮನ ಹೆಸರು ನಾಲಗೆಯ ಮೇಲಿತ್ತು. ಆತನ ಗುಡಾರವನ್ನೂ ಯಜ್ಞವೇದಿಯನ್ನೂ 400 ಶೆಕೆಲ್‌ಗಳನ್ನೂ ಮರೆತಿದ್ದರು.

ಅಬ್ರಹಾಮನು 175 ವರ್ಷ ಬಾಳಿ ಗತಿಸಿದನು. ಅಡವಿಗೆ ಕಳುಹಿಸಲ್ಪಟ್ಟಿದ್ದ ಇಷ್ಮಾಯೇಲನೂ, ಯಜ್ಞವೇದಿಯ ಮೇಲೆ ಮಲಗಿಸಲ್ಪಟ್ಟಿದ್ದ ಇಸಾಕನೂ ಕೂಡಿ ಬಂದು ತಂದೆಯನ್ನು ಮಕ್ಪೇಲದ ಗುಹೆಯಲ್ಲಿ ಸಮಾಧಿಮಾಡಿದರು. ಇಂದು ಹೆಬ್ರೋನಿನಲ್ಲಿ ಆ ಗುಹೆಯೆಂದು ಪೂಜ್ಯವಾದ ಸ್ಥಳವು ಯೆಹೂದ್ಯರಿಗೂ ಮುಸಲ್ಮಾನರಿಗೂ ಪವಿತ್ರಸ್ಥಾನವಾಗಿದ್ದು, ಇಬ್ಬರ ನಡುವೆ ವಿಭಾಗಿಸಲ್ಪಟ್ಟು, ಶಸ್ತ್ರಧಾರಿಗಳ ಕಾವಲಿನಲ್ಲಿದೆ. ತಂದೆಯ ವಿಶ್ವಾಸವನ್ನು ಹೇಳಿಕೊಳ್ಳುವ ನಾವೆಲ್ಲರೂ, ಆತನ ಆಶೀರ್ವಾದವನ್ನು ಹಂಚುವ ಹೊಣೆಯನ್ನು ಇನ್ನೂ ಪೂರೈಸಿಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಆದುದರಿಂದ ನಂಬಿದವರನ್ನು ಕುರಿತು ನನ್ನ ಬಿನ್ನಹವು ಇಷ್ಟೆ. ನಿಮ್ಮ ಭಕ್ತಿಯನ್ನು ಅಳೆಯುವಾಗ ನಿಮಗೆ ದೊರೆತ ಶಾಂತಿಯನ್ನು ಲೆಕ್ಕಿಸಬೇಡಿ, ನಿಮ್ಮ ಸಭೆಗೆ ಸೇರಿದವರ ಸಂಖ್ಯೆಯನ್ನೂ ಲೆಕ್ಕಿಸಬೇಡಿ. ನಿಮ್ಮ ನೆರೆಯಲ್ಲಿ ಬಾಳುವ ಅನ್ಯಮತದವನು ನೀವು ಅಲ್ಲಿರುವುದರಿಂದ ಹೆಚ್ಚು ನಿರ್ಭಯವಾಗಿ ಇದ್ದಾನೆಯೆ, ನಿಮ್ಮ ಮನೆಯ ಆಳು ನಿಮ್ಮ ದೇವರನ್ನು ಕುರಿತು ಒಳ್ಳೆಯ ಮಾತನ್ನಾಡುತ್ತಾಳೆಯೆ, ನಿಮಗೆ ಒಪ್ಪಿಗೆಯಾಗದ ಪಟ್ಟಣಕ್ಕಾಗಿ ನೀವು ಎಂದಾದರೂ ಮೊಣಕಾಲೂರಿದ್ದೀರೆ, ಎಂದು ಕೇಳಿಕೊಳ್ಳಿ. ಈ ಪ್ರಶ್ನೆಗಳಿಗೆ ಹೌದೆಂದು ಹೇಳಬಲ್ಲವನು ಯಾವ ದೇಶದಲ್ಲಿದ್ದರೂ, ಯಾವ ಕುಲದಲ್ಲಿ ಹುಟ್ಟಿದ್ದರೂ, ಅಬ್ರಹಾಮನ ಮಗನು. ಹೇಳಲಾರದವನು ಇಂದಿನಿಂದಲಾದರೂ ಆ ಪ್ರಯಾಣವನ್ನು ಆರಂಭಿಸಲಿ.